ಇಲಿ ಬಿದ್ದ ಊರುಗಳು

ವಿಜಯಪುರದ ಕೋಟೆ 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಕೈಸೇರಿತು. ಮುಂದಿನ ಗುರಿ ಗೋಲ್ಕೊಂಡ. ಅತ್ತ ಹೊರಡುವ ಮೊದಲು ಬಾದಶಹ ಕಲಬುರಗಿಗೆ ಬಂದ. ಬಂದೇನವಾಜರ ದರ್ಗಾಕ್ಕೆ ಹೋಗಿ ಬರುವುದು ಹೊರಗೆ ಹೇಳಿದ ಕಾರಣ, ಒಳಗಿದ್ದ ಲೆಕ್ಕ ಕುತುಬಶಾಹಿಯ ಖಜಾನೆಯದು. 1687ರ ಸೆಪ್ಟೆಂಬರಿಗೆ ಗೋಲ್ಕೊಂಡವೂ ಬಿತ್ತು. ದಖ್ಖನ್ನಿನ ಎರಡು ದೊಡ್ಡ ಗದ್ದುಗೆಗಳನ್ನು ಒಂದು ವರ್ಷದ ಅಂತರದಲ್ಲಿ ಉರುಳಿಸಿದ ಆ ದಂಡು ಮರುವರ್ಷ ವಿಜಯಪುರಕ್ಕೆ ಹಿಂದಿರುಗಿ ಬೀಡು ಬಿಟ್ಟಿತು. 1688ರ ನವೆಂಬರಿನಲ್ಲಿ ಆ ಬೀಡಿಗೆ ಬಂದದ್ದು ಮರಾಠರೂ ಅಲ್ಲ, ಅಳಿದುಳಿದ ಆದಿಲಶಾಹಿ ಸರದಾರರೂ ಅಲ್ಲ. ಪ್ಲೇಗು.

ಕಿವಿಯ ಬುಡದಲ್ಲೋ ಕಂಕುಳಲ್ಲೋ ತೊಡೆಸಂದಿಯಲ್ಲೋ ಒಂದು ಗಡ್ಡೆ, ಸುಡುವ ಜ್ವರ, ಕೆಂಡದಂತೆ ಕೆಂಪಾದ ಕಣ್ಣು. ಆ ಕಾಲದ ಪಾರಸಿ ಇತಿಹಾಸಕಾರರು ಬರೆದಿಟ್ಟ ಲಕ್ಷಣಗಳು ಇಂದಿನ ವೈದ್ಯಕೀಯ ಪುಸ್ತಕದ ಪುಟಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತವೆ. ಸತ್ತವರು ಒಂದು ಲಕ್ಷ ಎಂದು ಅವರು ಹೇಳುತ್ತಾರೆ. ದರಬಾರಿನ ಲೇಖಕರ ಲಕ್ಷವನ್ನು ಅಕ್ಷರಶಃ ನಂಬಬೇಕಿಲ್ಲ, ಆದರೆ ಸಾವು ಯಾರ ಡೇರೆಯನ್ನೂ ಬಿಡಲಿಲ್ಲ ಎಂಬುದು ನಿಜ. ಬಾದಶಹನ ಬೇಗಂ ಔರಂಗಾಬಾದಿ ಮಹಲ್ ತೀರಿಕೊಂಡಳು. ಅದೇ ವರ್ಷ ಆದವಾನಿಯ ಕೋಟೆ ಗೆದ್ದು ಹೆಸರು ಮಾಡಿದ್ದ ಸೇನಾಪತಿ ಗಾಜಿಉದ್ದೀನ್ ಫಿರೋಜ್ ಜಂಗ್ ಬದುಕಿಕೊಂಡ, ಆದರೆ ಎರಡೂ ಕಣ್ಣು ಹೋದವು. ಗಡ್ಡೆಯಲ್ಲಿ ನಿಲ್ಲದೆ ರಕ್ತಕ್ಕೆ ಇಳಿದ ಸೋಂಕು ಕಣ್ಣನ್ನೂ ತಿನ್ನಬಲ್ಲದು. ಅವನು ಕುರುಡನಾಗಿಯೇ ಇಪ್ಪತ್ತು ವರ್ಷಕ್ಕೂ ಮೇಲೆ ದಂಡು ನಡೆಸಿದ. ಅವನ ಮಗನೇ 1724ರಲ್ಲಿ ಹೈದರಾಬಾದಿನಲ್ಲಿ ಆಸಫಜಾಹಿ ಮನೆತನ ಕಟ್ಟಿದ ನಿಜಾಮ್ ಉಲ್ ಮುಲ್ಕ್. 1948ರ ಸೆಪ್ಟೆಂಬರಿನವರೆಗೆ ಕಲಬುರಗಿಯನ್ನು ಆಳಿದ ನಿಜಾಮರ ವಂಶಾವಳಿಯಲ್ಲಿ ಹೀಗೊಂದು ಪ್ಲೇಗಿನ ಗಾಯವಿದೆ. ಡಿಸೆಂಬರಿನಲ್ಲಿ ಬಾದಶಹ ಬೀಡು ಕಿತ್ತ. ಆಗಷ್ಟೇ ಎರಡು ದೊಡ್ಡ ಕೋಟೆಗಳನ್ನು ಗೆದ್ದ ಮನುಷ್ಯ ಒಂದು ಬೇನೆಗೆ ಅಂಜಿ ಜಾಗ ಬಿಟ್ಟ.

ಬಿಟ್ಟದ್ದೇ ಸರಿಯಾದ ಕೆಲಸ. ಅದಕ್ಕೂ ಎಪ್ಪತ್ತು ವರ್ಷ ಹಿಂದೆ, ಜಹಾಂಗೀರನ ಕಾಲದಲ್ಲಿ ಉತ್ತರದಲ್ಲಿ ಪ್ಲೇಗು ಹಬ್ಬಿದಾಗ, ಇಕ್ಬಾಲನಾಮೆಯ ಲೇಖಕ ಒಂದು ವಿಷಯ ಗಮನಿಸಿ ಬರೆದಿದ್ದ. ಇಲಿಯೊಂದು ಹುಚ್ಚು ಹಿಡಿದಂತೆ ಬಿಲದಿಂದ ಹೊರಗೆ ಬಂದು ಗೋಡೆಗೆ ಬಾಗಿಲಿಗೆ ತಲೆ ಬಡಿದುಕೊಂಡು ಸಾಯುತ್ತದೆ. ಅದನ್ನು ಕಂಡ ಕೂಡಲೇ ಮನೆ ಬಿಟ್ಟು ಕಾಡಿಗೆ ಹೋದವರು ಉಳಿಯುತ್ತಾರೆ, ಉಳಿದುಕೊಂಡವರು ಸಾಯುತ್ತಾರೆ. ಕನ್ನಡ ನಾಡಿನ ಹಳ್ಳಿಗಳಿಗೂ ಇದು ಗೊತ್ತಿತ್ತು. "ಇಲಿ ಬಿದ್ದಾವ" ಎಂದರೆ ಸಾಕು, ಯಾವ ಸರಕಾರದ ಹುಕುಮೂ ಬೇಕಾಗಿರಲಿಲ್ಲ. ದನ, ಕರು, ಪಾತ್ರೆ, ಹಾಸಿಗೆ ಹೇರಿಕೊಂಡು ಜನ ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಗುಡಿಸಲುಗಳ ಚಿತ್ರ ಮರೆಯುವಂಥದ್ದಲ್ಲ. ಈ ತಿಳಿವಳಿಕೆಯ ಹಿಂದಿದ್ದ ಕಾರಣವನ್ನು ಹುಡುಕಲು ವಿಜ್ಞಾನಕ್ಕೆ ಇಪ್ಪತ್ತನೆಯ ಶತಮಾನದವರೆಗೆ ಹಿಡಿಯಿತು. ಆ ನಡುವೆ ಸರಕಾರಗಳು ಮಾಡಿದ್ದು ಬಹುಮಟ್ಟಿಗೆ ತಪ್ಪು ಕೆಲಸ.

ರೋಗಾಣು ಸಿಕ್ಕಿದ್ದು ಹಾಂಗ್‌ಕಾಂಗಿನಲ್ಲಿ. ಪಾಶ್ಚರ್ ಸಂಸ್ಥೆಯ ಅಲೆಕ್ಸಾಂದ್ರ್ ಯೆರ್ಸಿನ್ 1894ರ ಜೂನ್ 15ರಂದು ಅಲ್ಲಿ ಇಳಿದ. ಆಸ್ಪತ್ರೆಯಲ್ಲಿ ಜಪಾನಿನ ಕಿತಾಸಾತೊನ ತಂಡಕ್ಕೆ ರತ್ನಗಂಬಳಿ, ಯೆರ್ಸಿನ್‌ಗೆ ಬಾಗಿಲ ಹೊರಗೇ ಜಾಗ. ಹುಲ್ಲಿನ ಗುಡಿಸಲು ಕಟ್ಟಿಸಿಕೊಂಡ, ಹೆಣ ಕಾಯುವ ನಾವಿಕರ ಕೈ ಬೆಚ್ಚಗೆ ಮಾಡಿದ, ಸತ್ತವರ ಗಡ್ಡೆಗೆ ಸೂಜಿ ಚುಚ್ಚಿ ತೆಗೆದ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಗಿಡ್ಡನೆಯ, ತುದಿ ದುಂಡಾದ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ಕಿಕ್ಕಿರಿದಿದ್ದವು. ಇದಾದದ್ದು ಜೂನ್ 20ರಂದು, ಬಂದ ಐದನೆಯ ದಿನ. ಗ್ರಾಂ ವಿಧಾನದಲ್ಲಿ ಬಣ್ಣ ಹಾಕಿದರೆ ಅವು ನೇರಳೆಯನ್ನು ಹಿಡಿದುಕೊಳ್ಳುವುದಿಲ್ಲ, ಅಂದರೆ ಗ್ರಾಂ ನೆಗೆಟಿವ್. ಬೇರೆ ಬಣ್ಣ ಹಾಕಿದರೆ ಎರಡು ತುದಿಗಳು ಮಾತ್ರ ಗಾಢವಾಗಿ, ನಡುವೆ ಖಾಲಿಯಾಗಿ ಕಾಣುತ್ತವೆ. ಪ್ರಯೋಗಾಲಯದವರು ಇಂದಿಗೂ ಇದನ್ನು ಸೇಫ್ಟಿಪಿನ್ನಿಗೆ ಹೋಲಿಸುತ್ತಾರೆ. ಇಂದು ಅದರ ಹೆಸರು ಯೆರ್ಸಿನಿಯಾ ಪೆಸ್ಟಿಸ್. ಊರಿನ ತುಂಬ ಸತ್ತ ಇಲಿಗಳಿದ್ದದ್ದನ್ನೂ ಯೆರ್ಸಿನ್ ಬರೆದಿಟ್ಟ. ಇಲಿಯಿಂದ ಮನುಷ್ಯನಿಗೆ ಅದು ಬರುವ ದಾರಿ ಮಾತ್ರ ಹೊಳೆಯಲಿಲ್ಲ.

ಎರಡು ವರ್ಷದಲ್ಲಿ ಪ್ಲೇಗು ಮುಂಬಯಿಗೆ ಬಂತು. ಬಂದರಿನ ಪಕ್ಕದ ಮಾಂಡ್ವಿ, ದವಸದ ಗೋದಾಮುಗಳ ಕೇರಿ. ಅಲ್ಲಿ 1896ರ ಸೆಪ್ಟೆಂಬರ್ 23ರಂದು ಡಾಕ್ಟರ್ ಅಕಾಸಿಯೊ ವಿಯೆಗಾಸ್ ಇದು ಪ್ಲೇಗೇ ಎಂದು ಹೇಳಿದರು. ಮುಂಬಯಿ ಖಾಲಿಯಾಗತೊಡಗಿತು. ಖಾಲಿಯಾದ ಜನ ಹೋಗುವುದೆಲ್ಲಿಗೆ? ತಮ್ಮ ಊರಿಗೆ, ರೈಲಿನಲ್ಲಿ.

ಕಲಬುರಗಿ ಈ ಕಥೆಯೊಳಗೆ ಬರುವುದು ಇಲ್ಲಿ. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ ರಾಯಚೂರಿಗೆ ಹೋಗುವ ಜಿ.ಐ.ಪಿ. ರೈಲುದಾರಿ 1871ಕ್ಕೇ ಪೂರ್ತಿಯಾಗಿತ್ತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಸೇರಿಕೊಂಡಿತ್ತು. ಮುಂಬಯಿ ಪ್ರಾಂತದಿಂದ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಡುವವರಿಗೆ ಇದೇ ಹೆಬ್ಬಾಗಿಲು. ಹತ್ತಿಯ ಅಂಡಿಗೆ, ಜೋಳದ ಚೀಲ, ಮೆಹಬೂಬ್ ಶಾಹಿ ಗಿರಣಿಯ ಸರಕು, ಉರುಸಿನ ಯಾತ್ರಿಕರು ಎಲ್ಲ ಇದೇ ಹಳಿಯ ಮೇಲೆ. ಸೊಲ್ಲಾಪುರದಲ್ಲಿ ಪ್ಲೇಗು ಜೋರಾಗಿದ್ದ ದಿನಗಳಲ್ಲಿ ಅಲ್ಲಿಂದ ಕಲಬುರಗಿಗೆ ರೈಲಿನಲ್ಲಿ ಕೆಲವೇ ಗಂಟೆಗಳ ಹಾದಿ.

ಸರಕಾರ ನಂಬಿದ್ದು ಸ್ಟೇಷನ್ನಿನ ತಪಾಸಣೆಯನ್ನು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು (2020ರಲ್ಲಿ ಕೊರೊನಾ ಕಾಲಕ್ಕೆ ಹೊರತೆಗೆದದ್ದು ಇದೇ ಕಾಯಿದೆಯನ್ನು). ಬ್ರಿಟಿಷ್ ಆಡಳಿತದ ರೈಲುದಾರಿಗಳಲ್ಲಿ ಪ್ರಯಾಣಿಕರನ್ನು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಲ್ಲಿಸಿ ನಾಡಿ ನೋಡಿದರು, ಕಂಕುಳು ಮುಟ್ಟಿ ನೋಡಿದರು. ಹೆಂಗಸರ ಮೈಗೆ ಪರಗಂಡಸರು ಕೈಹಾಕಿದ್ದಕ್ಕೆ ಎಷ್ಟೋ ಕಡೆ ಜಗಳವಾಯಿತು. ಪುಣೆಯಲ್ಲಿ ಅದು ಕೊಲೆಗೇ ಹೋಗಿ, 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಚಾಪೇಕರ ಸಹೋದರರ ಗುಂಡಿಗೆ ಗುರಿಯಾದ. ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಬಹಳ ಕಡಿಮೆ. ಲೆಕ್ಕ ಸರಳವಾಗಿದೆ: ಸೋಂಕು ಮೈಸೇರಿದ ಮೇಲೆ ಜ್ವರ ಬರಲು ಎರಡರಿಂದ ಆರು ದಿನ ಬೇಕು, ಮುಂಬಯಿಯಿಂದ ಕಲಬುರಗಿಗೆ ರೈಲಿಗೆ ಒಂದು ದಿನ ಸಾಕು. ಸೋಂಕು ಹೊತ್ತವನು ಗಟ್ಟಿಮುಟ್ಟಾಗಿಯೇ ಇಳಿದು ಮನೆಗೆ ನಡೆದು ಹೋಗುತ್ತಿದ್ದ. ಅವನಿಗಿಂತ ಹೆಚ್ಚು ಅಪಾಯದ ಪ್ರಯಾಣಿಕ ದವಸದ ವ್ಯಾಗನ್ನಿನಲ್ಲಿದ್ದ, ಅವನ ನಾಡಿಯನ್ನು ಯಾರೂ ನೋಡಲಿಲ್ಲ.

ಆ ಪ್ರಯಾಣಿಕನನ್ನು ಗುರುತಿಸಿದವನು ಪಾಲ್ ಲೂಯಿ ಸಿಮೊಂ, ಯೆರ್ಸಿನ್‌ನಂತೆಯೇ ಪಾಶ್ಚರ್ ಸಂಸ್ಥೆಯವನು. 1898ರಲ್ಲಿ ಕರಾಚಿಯಲ್ಲಿ ಅವನು ಸಾಯುತ್ತಿರುವ ಇಲಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅದರ ಪಕ್ಕದಲ್ಲಿ ಮುಟ್ಟಲಾಗದಂತೆ ಜಾಲರಿಯೊಳಗೆ ಆರೋಗ್ಯವಾದ ಇಲಿಯನ್ನಿಟ್ಟ. ಎರಡನೆಯದೂ ಪ್ಲೇಗಿನಿಂದ ಸತ್ತಿತು. ಜಾಲರಿ ದಾಟಬಲ್ಲದ್ದು ಚಿಗಟ ಮಾತ್ರ. ಇದಕ್ಕೆ ಒಂದು ವರ್ಷದೊಳಗೆ ಹಿಂದೆ, 1897ರ ಆಗಸ್ಟಿನಲ್ಲಿ, ನಿಜಾಮರ ಸಂಸ್ಥಾನದ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿ ಕಂಡಿದ್ದ. ಮನುಷ್ಯನ ಎರಡು ದೊಡ್ಡ ರೋಗಗಳು ಎರಡು ಸಣ್ಣ ಕೀಟಗಳ ಮೇಲೆ ನಿಂತಿವೆ ಎಂಬುದು ಒಂದೇ ವರ್ಷದ ಅಂತರದಲ್ಲಿ ಹೊರಬಿತ್ತು. ಆದರೂ ಸರಕಾರ ನೇಮಿಸಿದ ಪ್ಲೇಗ್ ಆಯೋಗ ಸಿಮೊಂನ ಮಾತನ್ನು ತಳ್ಳಿಹಾಕಿತು. ರೋಗಾಣು ನೆಲದಲ್ಲಿದೆ, ಕೊಳಕಿನಲ್ಲಿದೆ, ಬಟ್ಟೆಯಲ್ಲಿದೆ ಎಂದು ಕಾರ್ಬಾಲಿಕ್ ಆಮ್ಲ ಸುರಿಯುವುದು, ಚರಂಡಿ ತೊಳೆಯುವುದು ನಡೆದೇ ಇತ್ತು. ಚರಂಡಿಗೆ ನೀರು ಬಿಟ್ಟಾಗ ಅಲ್ಲಿದ್ದ ಇಲಿಗಳು ಪಕ್ಕದ ಓಣಿಗೆ ಓಡಿದ್ದರೆ ಆಶ್ಚರ್ಯವಿಲ್ಲ.

ಮುಂಬಯಿಯಲ್ಲಿ ಗ್ಲೆನ್ ಲಿಸ್ಟನ್ ಮತ್ತು 1905ರಲ್ಲಿ ಕೆಲಸ ಶುರುಮಾಡಿದ ಹೊಸ ಸಂಶೋಧನಾ ಆಯೋಗ ಗಿನಿಪಿಗ್‌ಗಳನ್ನು ಪ್ಲೇಗಿನ ಮನೆಗಳಲ್ಲಿ ಬಿಟ್ಟು ಪ್ರಯೋಗ ಮಾಡಿದ ಮೇಲೆ ಚಿಗಟದ ವಿಷಯ ಇತ್ಯರ್ಥವಾಯಿತು. ಅದು ಕಚ್ಚುವ ಬಗೆಯನ್ನು 1914ರಲ್ಲಿ ಲಂಡನ್ನಿನ ಬೇಕಾಟ್ ಮತ್ತು ಮಾರ್ಟಿನ್ ಬಿಡಿಸಿ ಹೇಳಿದರು. ರೋಗದ ಇಲಿಯ ರಕ್ತ ಹೀರಿದ ಚಿಗಟದ ಜಠರದ ಬಾಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಬಿರಡೆ ಹಾಕುತ್ತವೆ. ಆಮೇಲೆ ಎಷ್ಟು ಹೀರಿದರೂ ರಕ್ತ ಒಳಗೆ ಇಳಿಯದು, ಹಸಿವು ತೀರದು. ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ಬಿರಡೆಗೆ ತಾಗಿದ ರಕ್ತ ರೋಗಾಣುಗಳೊಂದಿಗೆ ಹಿಂದಕ್ಕೆ ಗಾಯದೊಳಗೆ ಉಗುಳಲ್ಪಡುತ್ತದೆ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟ ಇನ್ನೊಂದು ಬೆಚ್ಚನೆಯ ಮೈ ಹುಡುಕುತ್ತದೆ. ಅದರ ನೆಗೆತ ಗೇಣಿಗಿಂತ ಕಡಿಮೆ, ಆದ್ದರಿಂದ ಕಚ್ಚುವುದು ಹೆಚ್ಚಾಗಿ ಕಾಲಿಗೆ, ಗಡ್ಡೆ ಏಳುವುದು ಹೆಚ್ಚಾಗಿ ತೊಡೆಸಂದಿಯಲ್ಲಿ.

ಈಗ ಒಂದು ಹಳೆಯ ಮಾಳಿಗೆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ತೊಲೆ ಜಂತಿಗಳ ಮೇಲೆ ಮಣ್ಣು ಹೊದೆಸಿದ ಮಾಳಿಗೆ, ಒಂದು ಮೂಲೆಯಲ್ಲಿ ಜೋಳದ ಚೀಲ, ಅದೇ ಸೂರಿನಡಿ ಎತ್ತು. ವರ್ಷದ ಜೋಳ ಹಗೇವಿನಲ್ಲಿ. ಮನೆಯ ಮುಂದೆ ಆಳೆತ್ತರಕ್ಕೂ ಮಿಕ್ಕಿ ತೋಡಿದ ಕುಣಿ, ಒಳಗೆ ಸುತ್ತ ಹುಲ್ಲು ಹೊಟ್ಟಿನ ಪದರ, ಬಾಯಿಗೆ ಹಾಸುಗಲ್ಲು, ಮೇಲೆ ಮಣ್ಣು. ತೆಗೆದ ದಿನ ಯಾರೂ ಕೂಡಲೇ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಾನೆ. ಹಗೇವಿನ ಬಾಯಿ ಭದ್ರವಾಗಿದ್ದರೆ ಇಲಿಗೆ ಅಲ್ಲಿ ಕೆಲಸವಿಲ್ಲ. ತೆಗೆದು ಮನೆಯೊಳಗೆ ಹರವಿದ ಜೋಳ ಅದರ ಪಾಲಿಗೆ ಹಬ್ಬ. ಕಪ್ಪು ಇಲಿ ಗೋಡೆ ಹತ್ತುವುದರಲ್ಲಿ, ತೊಲೆಯ ಮೇಲೆ ಓಡುವುದರಲ್ಲಿ ಗಟ್ಟಿಗ. ಅದರ ಕೆಳಗೆ ನೆಲದ ಮೇಲೆ ಕೌದಿ ಹಾಸಿ ಮಲಗಿದ ಮನೆಮಂದಿ. ಪ್ಲೇಗಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಬೇಕಿರಲಿಲ್ಲ.

ಕಮಲಾಪುರದ ಕಡೆಯ ಊರುಗಳಿಗೆ ರೈಲು ಇರಲಿಲ್ಲ. ಬಹಮನಿಗಳ ಎರಡು ರಾಜಧಾನಿಗಳಾದ ಕಲಬುರಗಿ ಮತ್ತು ಬೀದರ್‌ಗಳ ನಡುವಿನ ದಾರಿಯಲ್ಲಿರುವ ಈ ಊರಿಗೆ ಹಳಿ ಬಂದದ್ದು 2017ರಲ್ಲಿ, ಬೀದರ್ ಮಾರ್ಗ ಪೂರ್ತಿಯಾದ ಮೇಲೆ. ಅದಕ್ಕೆ ಮೊದಲು ಶತಮಾನಗಳಿಂದ ಎಲ್ಲ ಸರಕೂ ಬಂಡಿಯ ಮೇಲೆ. ದಖ್ಖನ್ನಿನಲ್ಲಿ ಪ್ಲೇಗು ಹಬ್ಬಿದ ರೀತಿಯೂ ಹೀಗೆ ಎರಡು ಹಂತದ್ದು: ರೈಲು ಅದನ್ನು ದೂರದ ಪೇಟೆಗೆ ಒಂದೇ ನೆಗೆತದಲ್ಲಿ ಒಯ್ದು ಇಳಿಸಿತು, ಅಲ್ಲಿಂದ ಸಂತೆಯ ಬಂಡಿ ಹಳ್ಳಿಹಳ್ಳಿಗೆ ಹಂಚಿತು. ಮಳೆಗಾಲದ ಕೊನೆಗೆ ಏಳುವುದು, ಚಳಿಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಅಡಗುವುದು ಅದರ ಪದ್ಧತಿ. ಒಣ ಬಿಸಿಲಿಗೆ ಚಿಗಟ ಬಾಳುವುದಿಲ್ಲ, ಸೆಕೆ ಏರಿದಂತೆ ಬಿರಡೆಯೂ ಸರಿಯಾಗಿ ಕಟ್ಟುವುದಿಲ್ಲ. ಕಲಬುರಗಿಯ ಏಪ್ರಿಲ್ ಮೇ ಬಿಸಿಲನ್ನು ಬೈಯದವರಿಲ್ಲ, ಆದರೆ ಪ್ಲೇಗಿನ ಲೆಕ್ಕದಲ್ಲಿ ಅದು ಕಲಬುರಗಿಯ ದೊಡ್ಡ ವೈದ್ಯ. ಊರು ಬಿಟ್ಟವರು ಮನೆಯ ಮಾಳಿಗೆ ತೆಗೆದು ಬಿಸಿಲು ಬೀಳಿಸಿ, ತಿಂಗಳುಗಟ್ಟಲೆ ಕಾದು ಮರಳುತ್ತಿದ್ದುದರ ಅರ್ಥ ಇದೇ. ಆ ಹೊತ್ತಿಗೆ ಮನೆಯ ಚಿಗಟಗಳು ಹಸಿದು ಸತ್ತಿರುತ್ತಿದ್ದವು. ಅವಸರಪಟ್ಟು ಮರಳಿದವರ ಮನೆಯಲ್ಲಿ ಮತ್ತೆ ಗಡ್ಡೆ ಕಾಣಿಸಿಕೊಳ್ಳುತ್ತಿತ್ತು.

ಕನ್ನಡ ನಾಡಿನಲ್ಲಿ ಈ ರೋಗದ ದೊಡ್ಡ ಅಧ್ಯಾಯ ನಡೆದದ್ದು ಹುಬ್ಬಳ್ಳಿಯಲ್ಲಿ. ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪು, ಹತ್ತಿ ಪೇಟೆ, ನಾಲ್ಕು ದಿಕ್ಕಿಗೂ ಹಳಿ. 1898ರಲ್ಲಿ ಅಲ್ಲಿ ಸಾವು ಏರುತ್ತಿದ್ದಾಗ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ಅಧಿಕಾರಿ ಮುಂಬಯಿಯಿಂದ ಹಾಫ್‌ಕಿನ್ ಲಸಿಕೆ ತರಿಸಿ, ಊರಿನ ಬಹುಪಾಲು ಜನಕ್ಕೆ ಚುಚ್ಚಿಸಿದ. ಅಷ್ಟು ದೊಡ್ಡ ಪ್ರಮಾಣದ ಪ್ಲೇಗ್ ಲಸಿಕೆ ಕಾರ್ಯ ಜಗತ್ತಿಗೇ ಹೊಸದು. ವಾಲ್ಡೆಮಾರ್ ಹಾಫ್‌ಕಿನ್ ಒಡೆಸ್ಸಾದ ಯಹೂದಿ. 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಅವನ ತಯಾರಿಯಲ್ಲಿ ನಮ್ಮ ಅಡುಗೆಮನೆಯೂ ಬೆರೆತಿತ್ತು. ದನ ಹಂದಿಗಳ ಮಾಂಸ ಬಳಸಿದರೆ ಜನ ಒಪ್ಪುವುದಿಲ್ಲವೆಂದು ಆಡಿನ ಮಾಂಸದ ರಸ ತೆಗೆದುಕೊಂಡ. ಅದರ ಮೇಲೆ ಒಂದೆರಡು ಹನಿ ತುಪ್ಪ ತೇಲಿಬಿಟ್ಟ. ಬ್ಯಾಕ್ಟೀರಿಯಾಗಳು ತುಪ್ಪದ ಹನಿಗೆ ಅಂಟಿಕೊಂಡು ಕೆಳಮುಖವಾಗಿ ಎಳೆಎಳೆಯಾಗಿ ಇಳಿದು ಬೆಳೆಯುತ್ತಿದ್ದವು. ಬೆಳೆದ ಮೇಲೆ ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಶೀಸೆಗೆ ತುಂಬುವುದು. ಚುಚ್ಚಿಸಿಕೊಂಡವರಿಗೆ ಎರಡು ದಿನ ಜ್ವರ, ತೋಳುನೋವು. ರೋಗ ಪೂರ್ತಿ ತಪ್ಪುತ್ತಿರಲಿಲ್ಲ, ಆದರೆ ಸಾವು ಬಹಳ ತಗ್ಗುತ್ತಿತ್ತು. ಧಾರವಾಡ, ಗದಗಿನಲ್ಲೂ ಇದೇ ನಡೆಯಿತು. ಚುಚ್ಚಿಸಿಕೊಂಡವರಿಗೆ ಚೀಟಿ ಸಿಗುತ್ತಿತ್ತು, ಚೀಟಿ ಇದ್ದವರಿಗೆ ಕ್ವಾರಂಟೈನಿನ ಕಾಟ ಕಡಿಮೆ. ಲಸಿಕೆಗೆ ಜನ ಸಾಲುಗಟ್ಟಿದ್ದರಲ್ಲಿ ವಿಜ್ಞಾನದ ಮೇಲಿನ ನಂಬಿಕೆ ಎಷ್ಟು, ಆ ಚೀಟಿಯ ಆಸೆ ಎಷ್ಟು ಎಂದು ಕೇಳಿದರೆ, ನಾನು ಚೀಟಿಗೇ ಹೆಚ್ಚು ಪಾಲು ಕೊಡುತ್ತೇನೆ.

ಹುಬ್ಬಳ್ಳಿಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬನ ಬಟ್ಲರನಿಂದಲೇ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಮುಟ್ಟಿತು. ಶೇಷಾದ್ರಿ ಅಯ್ಯರ್ ದಿವಾನರು, ವಿ.ಪಿ. ಮಾಧವರಾವ್ ಪ್ಲೇಗ್ ಕಮಿಷನರ್. ಪ್ಲೇಗ್ ಕ್ಯಾಂಪಿನಲ್ಲಿ ದುಡಿದ ಕೇರಳದ ಡಾಕ್ಟರ್ ಪಲ್ಪು ಅವರನ್ನು ಅವರ ನಾಡು ಸಮಾಜ ಸುಧಾರಕರೆಂದು ನೆನೆಯುತ್ತದೆ, ನಾವು ಪ್ಲೇಗಿನ ವೈದ್ಯರೆಂದು ನೆನೆಯಬಹುದಿತ್ತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳು ಆ ಊರಿನ ಇಂದಿನ ರೂಪಕ್ಕೆ ಬುನಾದಿ. ನಿಜಾಮರ ಕಡೆಯಲ್ಲಿ 1911ರ ಪ್ಲೇಗು ಹೈದರಾಬಾದನ್ನು ಹಿಂಡಿದ ಮೇಲೆ, 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಬೀದಿ ಅಗಲವಾಯಿತು, ಗಾಳಿ ಬೆಳಕಿಲ್ಲದ ಕೇರಿಗಳು ಒಡೆದವು. ಅದರ ಫಲ ರಾಜಧಾನಿಗೆ ಸಿಕ್ಕಷ್ಟು ಕಲಬುರಗಿಯಂಥ ಜಿಲ್ಲಾ ಊರಿಗೆ ಸಿಗಲಿಲ್ಲ, ಇದು ಹೊಸ ದೂರೇನೂ ಅಲ್ಲ.

ಹಾಫ್‌ಕಿನ್‌ಗೆ ಮಾತ್ರ ಬೇರೊಂದು ಬ್ಯಾಕ್ಟೀರಿಯಾ ಮುಳುವಾಯಿತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾತದಿಂದ ಸತ್ತರು. ಧನುರ್ವಾತದ ರೋಗಾಣು ಮಣ್ಣಿನಲ್ಲಿ ಬೀಜಕಣವಾಗಿ ಎಷ್ಟು ವರ್ಷ ಬೇಕಾದರೂ ಬಿದ್ದಿರಬಲ್ಲದು, ಗಾಳಿಯಿಲ್ಲದ ಕಡೆ ಸೇರಿದರೆ ಏಳುತ್ತದೆ. ಶೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಲಾಗಿತ್ತು. ಆದರೂ ತಪ್ಪು ಪ್ರಯೋಗಾಲಯದ್ದೆಂದು ಹೊರಿಸಿ ಅವನನ್ನು ಕೆಲಸದಿಂದ ದೂರವಿಟ್ಟರು. ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಗಳಲ್ಲಿ ಬರೆದು ಜಗಳಾಡಿದ ಮೇಲೆ 1907ರಲ್ಲಿ ಆರೋಪದಿಂದ ಬಿಡುಗಡೆ ಸಿಕ್ಕಿತು. ಆ ವರ್ಷವೇ ದೇಶದಲ್ಲಿ ಪ್ಲೇಗಿನ ಸಾವು ಎಲ್ಲಕ್ಕಿಂತ ಹೆಚ್ಚು, ಹತ್ತು ಲಕ್ಷಕ್ಕೂ ಮೇಲೆ. 1896ರಿಂದ ಮುಂದಿನ ಅರ್ಧ ಶತಮಾನದಲ್ಲಿ ಭಾರತ ಕಳೆದುಕೊಂಡದ್ದು ಸುಮಾರು 1 ಕೋಟಿ 20 ಲಕ್ಷ ಜೀವ.

ಆಮೇಲೆ ಬಂದದ್ದು ಮದ್ದು. 1940ರ ದಶಕದಲ್ಲಿ ಸಲ್ಫಾ ಗುಳಿಗೆ, ಅದರ ಹಿಂದೆಯೇ ಸ್ಟ್ರೆಪ್ಟೊಮೈಸಿನ್, ಚಿಗಟಕ್ಕೆ ಡಿಡಿಟಿ. ಚಿಕಿತ್ಸೆ ಇಲ್ಲದಿದ್ದರೆ ಗಡ್ಡೆಯ ಪ್ಲೇಗಿನಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ, ಪುಪ್ಪುಸದ ಪ್ಲೇಗಿನಲ್ಲಿ ಉಳಿಯುವವರೇ ಅಪರೂಪ. ಸೂಜಿಮದ್ದು ಹೊತ್ತಿಗೆ ಸರಿಯಾಗಿ ಬಿದ್ದರೆ ಬಹುತೇಕ ಎಲ್ಲರೂ ಬದುಕುತ್ತಾರೆ. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಭಾಗದಲ್ಲಿ ಕಂಡ ರೋಗಿಗಳೇ ದೇಶದ ಕೊನೆಯವರೆಂದು ಇಪ್ಪತ್ತೆಂಟು ವರ್ಷ ಎಲ್ಲರೂ ನಂಬಿದ್ದರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಕಲಬುರಗಿ, ಬೀದರ್‌ಗಳನ್ನೂ ನಡುಗಿಸಿತು. ಆ ಸೀಮೆಯಲ್ಲಿ ಜನ ಮನೆ ಬಿಟ್ಟು ಹೊರಗೆ ಮಲಗತೊಡಗಿದರು, ಬಿಟ್ಟ ಮನೆಯ ದವಸಕ್ಕೆ ಇಲಿ ಕವಿದವು. 1994ರ ಆಗಸ್ಟ್ ಕೊನೆಗೆ ಬೀಡ್ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಗಡ್ಡೆಯ ರೋಗಿಗಳು ಕಂಡರು, ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪುಪ್ಪುಸದ ಪ್ಲೇಗು. ಸೂರತ್ತಿನಿಂದ ಲಕ್ಷಾಂತರ ಜನ ಓಡಿದರು, ಮತ್ತೆ ರೈಲಿನಲ್ಲೇ. ಔಷಧದ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿ. ಇದು ಪ್ಲೇಗು ಹೌದೋ ಅಲ್ಲವೋ ಎಂಬ ವಾದವಂತೂ ತಿಂಗಳುಗಟ್ಟಲೆ ನಡೆಯಿತು. ಮಾದರಿ ಸರಿಯಾಗಿ ತೆಗೆದಿರಲಿಲ್ಲ, ಬೆಳೆಸುವ ಕೆಲಸ ತಡವಾಗಿತ್ತು. ಹೌದೆಂದು ವಂಶವಾಹಿ ಪರೀಕ್ಷೆಗಳು ಮುಂದೆ ಹೇಳಿದವು. ಯೆರ್ಸಿನ್‌ನ ಹುಲ್ಲಿನ ಗುಡಿಸಲಲ್ಲಿ ಐದು ದಿನದಲ್ಲಿ ಆದ ಕೆಲಸಕ್ಕೆ ನೂರು ವರ್ಷದ ನಂತರ ಇಷ್ಟು ತಡವಾದದ್ದಕ್ಕೆ ರೋಗಾಣುವಿನ ಹೊಸತನ ಕಾರಣವಲ್ಲ, ಮರೆವು ಕಾರಣ.

ಬ್ಯಾಕ್ಟೀರಿಯಾ ಹೋಗಿಲ್ಲ. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿಯ ಹಳ್ಳಿಯೊಂದರಲ್ಲಿ ಮತ್ತೆ ತಲೆಯೆತ್ತಿತು. ಕೋಲಾರ, ಕೃಷ್ಣಗಿರಿ, ಚಿತ್ತೂರು ಸೇರುವ ಸೀಮೆಯ ಕಾಡು ದಂಶಕಗಳನ್ನು ಬೆಂಗಳೂರಿನ ಪ್ಲೇಗ್ ನಿಗಾ ಘಟಕ ಪರೀಕ್ಷಿಸುತ್ತಲೇ ಬಂದಿದೆ. ಕಲಬುರಗಿಯಲ್ಲಿ 1963ರಿಂದ ವೈದ್ಯಕೀಯ ಕಾಲೇಜು ಇದೆ, ಈಗ ಸರಕಾರಿ ಸಂಸ್ಥೆಯೂ ಇದೆ, ಗಡ್ಡೆಯ ರಸವನ್ನು ಗಾಜಿನ ಮೇಲೆ ಹಚ್ಚಿ ನೋಡಬಲ್ಲ ಕೈಗಳಿಗೆ ಕೊರತೆಯಿಲ್ಲ. ಓದುಗರಲ್ಲಿ ಕೇಳುವುದಿಷ್ಟೇ: ಯಾರೂ ಪಾಷಾಣ ಇಡದೆ ಗೋದಾಮಿನಲ್ಲೋ ಮನೆಯಲ್ಲೋ ಇಲಿಗಳು ಸಾಲಾಗಿ ಸತ್ತು ಬಿದ್ದರೆ ಬರಿಗೈಯಿಂದ ಎತ್ತಿ ಎಸೆಯಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಉಳಿದ ಇಲಿಗಳನ್ನು ಕೊಲ್ಲುವ ಅವಸರವೂ ಬೇಡ. ಮೊದಲು ಬಿಲಗಳಿಗೆ ಚಿಗಟದ ಪುಡಿ ಬೀಳಬೇಕು, ಆಮೇಲೆ ಇಲಿ ಸಾಯಬೇಕು. ಹಿಂದುಮುಂದಾದರೆ ಸತ್ತ ಇಲಿಯ ಚಿಗಟಗಳು ಹುಡುಕಿಕೊಂಡು ಬರುವುದು ಮನೆಯವರನ್ನೇ.